ದನಿ ಕೊಡುವುದೋ, ಸೇವೆ ಕೊಡುವುದೋ?

ವಿದೇಶಿ ಜನರನ್ನು ಅಂತರ್ಜಾಲದ ಮೂಲಕ ತಲುಪಬೇಕೆಂದಿರುವ ಸರ್ಕಾರಿ ಇಲಾಖೆಯು ಮೊದಲು ನಿರ್ಧರಿಸಬೇಕಾದದ್ದು, ಅವರೊಡನೆ ಮಾತನಾಡಬೇಕೋ ಅಥವಾ ಅವರಿಗೆ ಉಪಯೋಗವಾಗುವ ಏನನ್ನಾದರೂ ಕೊಡಬೇಕೋ ಎಂಬುದನ್ನು.

ಸ್ವೀಡನ್ ಮೊದಲ ದಾರಿ ಹಿಡಿಯಿತು. 2011ರ ಡಿಸೆಂಬರ್‌ನಿಂದ 2018ರವರೆಗೆ ದೇಶದ ಅಧಿಕೃತ ಟ್ವಿಟರ್ ಖಾತೆಯನ್ನು ಪ್ರತಿ ವಾರ ಒಬ್ಬೊಬ್ಬ ಸಾಮಾನ್ಯ ನಾಗರಿಕರ ಕೈಗೆ ಒಪ್ಪಿಸಲಾಯಿತು. ಪೂರ್ವಾನುಮತಿಯಿಲ್ಲದೆ ಬರೆಯುವ ಸ್ವಾತಂತ್ರ್ಯವೇ ಆ ಪ್ರಯೋಗದ ನಂಬಿಕೆಯ ಮೂಲವಾಗಿತ್ತು. 2012ರಲ್ಲಿ ಒಬ್ಬರು ಯಹೂದಿಗಳ ಕುರಿತು ಬರೆದ ಮಾತುಗಳು ವಿವಾದಕ್ಕೆ ಕಾರಣವಾದಾಗ ಅದೇ ಸ್ವಾತಂತ್ರ್ಯ ಅಪಾಯವಾಗಿಯೂ ಕಂಡಿತು. ಆದರೂ ಪ್ರಯೋಗ ಮುಂದುವರಿಯಿತು. ಆ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಎಸ್ಟೋನಿಯಾ 2014ರಲ್ಲಿ ಆರಂಭಿಸಿದ ಇ-ರೆಸಿಡೆನ್ಸಿ ಬೇರೆ ಬಗೆಯದು. ವಿದೇಶಿಯರು ಡಿಜಿಟಲ್ ಗುರುತಿನ ಚೀಟಿ ಪಡೆದು, ದೂರದಿಂದಲೇ ಕಂಪನಿ ಸ್ಥಾಪಿಸಬಹುದು ಮತ್ತು ದಾಖಲೆಗಳಿಗೆ ಸಹಿ ಹಾಕಬಹುದು. ಪೌರತ್ವವಾಗಲಿ ದೇಶಪ್ರವೇಶದ ಹಕ್ಕಾಗಲಿ ಇದರಿಂದ ದೊರೆಯದು. ಇಲ್ಲಿ ಸಂಬಂಧ ವರ್ಷಗಟ್ಟಲೆ ಉಳಿಯುತ್ತದೆ, ಆದರೆ ಹೊಣೆಯೂ ಅಷ್ಟೇ ದೊಡ್ಡದು: 2017ರಲ್ಲಿ ಚೀಟಿಗಳ ಚಿಪ್‌ನಲ್ಲಿ ಭದ್ರತಾ ದೋಷ ಕಂಡುಬಂದಾಗ, ದೇಶದ ಒಳಗಿನವರ ಚೀಟಿಗಳ ಜೊತೆಗೆ ಈ ವಿದೇಶಿಯರ ಚೀಟಿಗಳನ್ನೂ ನವೀಕರಿಸಬೇಕಾಯಿತು.

ಅಮೆರಿಕ 2011ರಲ್ಲಿ ಇರಾನಿನ ಜನರಿಗಾಗಿ ತೆರೆದ ವರ್ಚುವಲ್ ರಾಯಭಾರ ಕಚೇರಿ ಎಂಬ ಜಾಲತಾಣವನ್ನು ಅಲ್ಲಿನ ಸರ್ಕಾರ ಕೂಡಲೇ ನಿರ್ಬಂಧಿಸಿತು. ಆತಿಥೇಯ ಸರ್ಕಾರ ತಡೆಯೊಡ್ಡುವಲ್ಲಿ ಜಾಲತಾಣವೊಂದನ್ನೇ ನೆಚ್ಚಬಾರದು.

ಹಣವೂ ತಾಂತ್ರಿಕ ಸಿಬ್ಬಂದಿಯೂ ಕಡಿಮೆಯಿದ್ದು, ಟೀಕೆಯನ್ನು ತಾಳಿಕೊಳ್ಳುವ ಮನಸ್ಸಿದ್ದರೆ ಸ್ವೀಡನ್ನಿನ ದಾರಿ ಸಾಕು. ಸ್ವದೇಶದಲ್ಲಿ ಈಗಾಗಲೇ ಗಟ್ಟಿಯಾದ ಡಿಜಿಟಲ್ ಆಡಳಿತವಿಲ್ಲದೆ ಎಸ್ಟೋನಿಯಾವನ್ನು ಅನುಕರಿಸಲು ಹೊರಡಬಾರದು.