ಹವಳಕ್ಕೆ ಹೊಸ ಬೆಳಕು: ಡಿಮ್ಮರೋ, ಸೊಳ್ಳೆ ಜಾಲರಿಯೋ?

ಮನೆಯ ಉಪ್ಪುನೀರಿನ ತೊಟ್ಟಿಯಲ್ಲಿ ಹವಳವನ್ನು ಹೊಸ ಬೆಳಕಿಗೆ ಮೆಲ್ಲಗೆ ಒಗ್ಗಿಸಲು ಮೂರು ದಾರಿಗಳಿವೆ. ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ, ಅವುಗಳ ಗೊಡವೆ ಇಲ್ಲಿಲ್ಲ. ಹೋಲಿಸಿ ನೋಡಿದ್ದು ಝೋಆಂಥಿಡ್, ಮಶ್ರೂಮ್, ಲೆದರ್ ಎಂಬ ಮೆತ್ತನೆಯ ಹವಳಗಳ ಮೇಲೆ, ಟಿ5 ಎಂಬ ತೆಳು ಟ್ಯೂಬ್‌ಲೈಟ್ ಇಳಿಸಿ ಎಲ್‌ಇಡಿ ಏರಿಸಿದಾಗ.

ಡಿಮ್ಮರ್ ಸಲೀಸು. ದೀಪದ ಪೂರ್ಣ ಬೆಳಕಿನ ಶೇ 40ರಿಂದ ಶುರು, ನಾಲ್ಕು ದಿನಕ್ಕೊಮ್ಮೆ ಶೇ 5 ಏರಿಸಿದರೆ ಒಂದು ತಿಂಗಳಲ್ಲಿ ಶೇ 80. ಏರಿಸುವಾಗ ಮೊದಲು ನೀಲಿ ಬೆಳಕು, ಆಮೇಲೆ ಬಿಳಿ. ಆದರೆ ಮೈಸೂರಿನ ಏಪ್ರಿಲ್-ಮೇ ಗಾಳಿಮಳೆಗೆ ಕರೆಂಟು ಹೋಗಿ ಬಂದರೆ, ಬ್ಯಾಟರಿ ಇಲ್ಲದ ಅಗ್ಗದ ಕಂಟ್ರೋಲರ್ ಗಡಿಯಾರ ಮರೆತು ಪೂರ್ತಿ ಬೆಳಕು ಹರಿಸಿಬಿಡಬಹುದು. ಮೂರು ವಾರದ ತಾಳ್ಮೆ ಒಂದು ಮಧ್ಯಾಹ್ನಕ್ಕೆ ಹಾಳು.

ಕಿಟಕಿಗೆ ಹಾಕುವ ನೈಲಾನ್ ಜಾಲರಿಗೆ ಕರೆಂಟಿನ ಹಂಗಿಲ್ಲ. ಮೂರು ಪದರ ತೊಟ್ಟಿಯ ಮೇಲೆ ಹಾಸಿ ವಾರಕ್ಕೊಂದು ತೆಗೆಯಿರಿ. ಕಬ್ಬಿಣದ್ದು ಬೇಡವೇ ಬೇಡ, ತುಕ್ಕು ನೀರಿಗಿಳಿಯುತ್ತದೆ. ದೀಪಕ್ಕೆ ತಾಗಿಸಿದರೆ ಬಿಸಿ ಹೋಗಲು ದಾರಿ ಇರುವುದಿಲ್ಲ. ಉಪ್ಪು ಕಟ್ಟಿದಷ್ಟೂ ನೆರಳು ದಟ್ಟವಾಗುವುದರಿಂದ ಎರಡು ದಿನಕ್ಕೊಮ್ಮೆ ಸಿಹಿನೀರಲ್ಲಿ ತೊಳೆಯಬೇಕು. ಎಷ್ಟು ತಡೆಯುತ್ತದೆ ಎಂದು ಬೆಳಕು ಅಳೆಯುವ ಫೋನಿನ ಲಕ್ಸ್ ಆ್ಯಪ್ ಹೇಳುತ್ತದೆ: ನೀಲಿ ಬೆಳಕನ್ನು ಅದು ಸರಿಯಾಗಿ ಎಣಿಸದು, ಆದರೂ ಜಾಲರಿಯ ಮೇಲಿನ ಮತ್ತು ಕೆಳಗಿನ ಅಂಕಿಗಳ ಅನುಪಾತವನ್ನು ನಂಬಬಹುದು.

ಮೂರನೆಯದು, ಹವಳವನ್ನೇ ಮರಳಿನ ಮೇಲಿಟ್ಟು ಹಂತಹಂತವಾಗಿ ಮೇಲೇರಿಸುವುದು. ಖರ್ಚಿಲ್ಲ, ಫಲವೂ ಕಡಿಮೆ. ಜಾಗ ಬದಲಾದಂತೆ ನೀರಿನ ಸೆಳೆತವೂ ಬದಲಾಗುವುದರಿಂದ ಮುದುಡಿದ್ದು ಯಾವುದಕ್ಕೆಂದು ತಿಳಿಯುವುದಿಲ್ಲ. ಮಶ್ರೂಮ್‌ಗಂತೂ ಕೆಳಗಿನ ಮಂದ ಬೆಳಕೇ ಸುಖ, ಏರಿಸುವ ಗೋಜೇ ಬೇಡ.

ಇಡೀ ತೊಟ್ಟಿಗೆ ದೀಪ ಬದಲಾಗಿದ್ದರೆ, ಯುಪಿಎಸ್ ಇದ್ದವರಿಗೆ ಡಿಮ್ಮರ್. ಹಳೆಯ ದೀಪದಡಿ ಹವಳದ ಹೊಸ ತುಂಡು ಬಂದಿದ್ದರೆ ಜಾಲರಿ: ಆ ಮೂಲೆಗಷ್ಟೇ ಕತ್ತರಿಸಿ ಹಾಕಬಹುದು, ಉಳಿದವು ಬೆಳಕಿಲ್ಲದೆ ಹಸಿಯುವುದಿಲ್ಲ.

ಝೋಆಂಥಿಡ್ ಕತ್ತು ಉದ್ದ ಮಾಡಿದರೆ ಬೆಳಕು ಸಾಲದು, ಮಶ್ರೂಮ್ ಅಂಚು ಮಡಚಿದರೆ ಹೆಚ್ಚಾಗಿದೆ. ಬಣ್ಣ ಬಿಳಿಚಿದರೆ, ಹವಳದ ಒಳಗೆ ಬದುಕುವ ಪಾಚಿ ಬೆಳಕು ತಾಳಲಾರದೆ ಹೊರಬೀಳುತ್ತಿದೆ ಎಂದರ್ಥ. ಒಂದು ಹಂತ ಹಿಂದೆ ಸರಿದು ಏಳು ದಿನ ಕಾಯಿರಿ, ದೀಪ ಪೂರ್ತಿ ಆರಿಸಬೇಡಿ. ಲೆದರ್ ಮಾತ್ರ ಮೇಣದಂಥ ಪೊರೆ ಬಿಡುವಾಗಲೂ ನಾಲ್ಕಾರು ದಿನ ಮುದುಡುತ್ತದೆ, ಅದಕ್ಕೆ ಬೆಳಕನ್ನು ದೂರಬೇಡಿ. ಬೇಸಿಗೆಯಲ್ಲಿ ತೊಟ್ಟಿಯ ನೀರು 28 ಡಿಗ್ರಿ ದಾಟಿದ ದಿನ ಬೆಳಕು ಏರಿಸುವುದೇ ಬೇಡ. ಬಿಸಿ, ಬೆಳಕು ಎರಡೂ ಒಟ್ಟಿಗೆ ಬಿದ್ದರೆ ಹವಳ ಬೇಗ ಬಿಳಿಚುತ್ತದೆ. ದೀಪದ ವೇಳೆಯನ್ನು ಸಂಜೆ 4ರಿಂದ ರಾತ್ರಿ 11ರವರೆಗೆ ಇರುವಂತೆ ಸರಿಸಿ, ಫ್ಯಾನ್ ಹಾಕಿ, ಆವಿಯಾದಷ್ಟು ಆರ್‌ಒ ನೀರು ದಿನಾ ತುಂಬಿ.