ಹಿಮೋಗ್ಲೋಬಿನ್ ಹೆಚ್ಚಾಗಿದ್ದರೆ ರಕ್ತ ತೆಗೆಸಿ ಸುಮ್ಮನಾಗಬೇಡಿ

ಹಿಮೋಗ್ಲೋಬಿನ್ ಕಡಿಮೆಯಾದರೆ ಎಲ್ಲರೂ ಕಾರಣ ಹುಡುಕುತ್ತಾರೆ; ಹೆಚ್ಚಾದರೆ ಹುಡುಕುವವರು ವಿರಳ. ನನ್ನ ಅಣ್ಣನ ಮೂತ್ರಪಿಂಡದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅಮೂಲ್ಯವಾದ ಸಮಯ ಕೈತಪ್ಪಿದ್ದು ಇದರಿಂದಲೇ.

ಸಾಮಾನ್ಯ ತಪಾಸಣೆಯಲ್ಲಿ ಅವನ ಹಿಮೋಗ್ಲೋಬಿನ್ 18.9 ಎಂದು ಬಂತು. ಗಂಡಸರಲ್ಲಿ 16.5, ಹೆಂಗಸರಲ್ಲಿ 16 ದಾಟಿದರೆ ಪಾಲಿಸೈಥೀಮಿಯಾ ವೆರಾ ಎಂಬ ಅಸ್ಥಿಮಜ್ಜೆಯ ಕಾಯಿಲೆಯನ್ನು ಶಂಕಿಸಬೇಕಾಗುತ್ತದೆ. ಆ ಕಾಯಿಲೆಯ ಬಹುತೇಕ ರೋಗಿಗಳಲ್ಲಿ ಕಂಡುಬರುವ ಜೆಎಕೆ2 ಜೀನಿನ ಬದಲಾವಣೆ ಅಣ್ಣನಲ್ಲಿ ಇರಲಿಲ್ಲ. ಆದರೆ ಅದೇ ವರದಿಯ ಕೆಳಗಿನ ಸಾಲಿನಲ್ಲಿ, ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನಿನ ಅಂಕಿಯ ಪಕ್ಕದಲ್ಲಿ, ಮೇಲ್ಮುಖವಾದ ಬಾಣದ ಗುರುತಿತ್ತು. ಅದರ ಬಗ್ಗೆ ವೈದ್ಯರು ಏನನ್ನೂ ಹೇಳಲಿಲ್ಲ. "ರಕ್ತ ಗಟ್ಟಿಯಾಗಿದೆ, ಸಿಗರೇಟು ಬಿಡಿ, ಆಗಾಗ ಬಂದು ರಕ್ತ ತೆಗೆಸಿಕೊಳ್ಳಿ" ಎಂದಷ್ಟೇ ಹೇಳಿ ಕಳುಹಿಸಿದರು.

ಕೆಂಪು ರಕ್ತಕಣಗಳನ್ನು ತಯಾರಿಸುವಂತೆ ಅಸ್ಥಿಮಜ್ಜೆಗೆ ಸೂಚನೆ ಕೊಡುವ ಈ ಹಾರ್ಮೋನು ಮುಖ್ಯವಾಗಿ ಹುಟ್ಟುವುದು ಮೂತ್ರಪಿಂಡದಲ್ಲಿ. ದೋಷ ಮಜ್ಜೆಯದೇ ಆಗಿದ್ದರೆ ಅದರ ಮಟ್ಟ ಸಾಮಾನ್ಯವಾಗಿ ಇಳಿದಿರುತ್ತದೆ. ಏರಿದ್ದರೆ ಧೂಮಪಾನ, ಶ್ವಾಸಕೋಶದ ತೊಂದರೆ, ನಿದ್ರೆಯಲ್ಲಿ ಉಸಿರು ಕಟ್ಟುವುದು ಮೊದಲಾದ ಕಾರಣಗಳ ಜೊತೆಗೆ ಮೂತ್ರಪಿಂಡದ ಗೆಡ್ಡೆಯನ್ನೂ ಹುಡುಕಲೇಬೇಕು. ಏಕೆಂದರೆ ಕೆಲವು ಗೆಡ್ಡೆಗಳು, ದೇಹಕ್ಕೆ ಆಮ್ಲಜನಕದ ಕೊರತೆಯೇ ಇಲ್ಲದಿದ್ದರೂ, ಈ ಹಾರ್ಮೋನನ್ನು ತಾವೇ ಸುರಿಸುತ್ತಿರುತ್ತವೆ. ಅಣ್ಣನ ವಿಷಯದಲ್ಲಿ ಎಲ್ಲವನ್ನೂ ಸಿಗರೇಟಿನ ಮೇಲೆ ಹಾಕಿ ಕೈತೊಳೆದುಕೊಂಡರು.

ಪ್ರತಿ ಸಲ ರಕ್ತ ತೆಗೆದಾಗಲೂ ಅಂಕಿ ಇಳಿಯುತ್ತಿತ್ತು, ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಅವನ ಕಬ್ಬಿಣಾಂಶ ಬರಿದಾಗಿ ಸುಸ್ತು ಹೆಚ್ಚಿತು, ಗೆಡ್ಡೆ ಮಾತ್ರ ಬೆಳೆಯುತ್ತಲೇ ಇತ್ತು. ಕೊನೆಗೆ ಮೂತ್ರದಲ್ಲಿ ರಕ್ತ ಕಾಣಿಸಿದಾಗ ಅಲ್ಟ್ರಾಸೌಂಡ್, ಅದರ ಬೆನ್ನಿಗೇ ಸಿಟಿ ಸ್ಕ್ಯಾನ್ ಮಾಡಿದರು. ಅಷ್ಟರಲ್ಲಿ ಗೆಡ್ಡೆ ಮೂತ್ರಪಿಂಡದ ಅಭಿಧಮನಿಯೊಳಕ್ಕೆ ಚಾಚಿಕೊಂಡಿತ್ತು. ಚಿಕ್ಕದಿರುವಾಗಲೇ ಕಂಡಿದ್ದರೆ ಆ ಭಾಗವನ್ನಷ್ಟೇ ತೆಗೆದು ಮೂತ್ರಪಿಂಡವನ್ನು ಉಳಿಸುವ ಅವಕಾಶವಿರುತ್ತಿತ್ತು ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಪಕ್ಕೆನೋವು, ಮೂತ್ರದಲ್ಲಿ ರಕ್ತ, ಕೈಗೆ ಸಿಗುವ ಗಂಟು ಮೂರೂ ಒಟ್ಟಿಗೆ ಕಾಣುವುದು ಬಹಳ ಅಪರೂಪ. ಅವುಗಳಿಗಾಗಿ ಕಾಯುವುದೆಂದರೆ ರೋಗ ಮುಂದುವರಿಯಲು ಬಿಟ್ಟಂತೆ.

ಇನ್ನೊಂದು ವಿಷಯ. ಮೂತ್ರಪಿಂಡದ ಕ್ಯಾನ್ಸರಿನಲ್ಲಿ ರಕ್ತ ಹೆಚ್ಚುವವರಿಗಿಂತ ರಕ್ತಹೀನತೆಯಾಗುವವರೇ ಬಹಳ. ಕೆಲವರಲ್ಲಿ ಪ್ಲೇಟ್‌ಲೆಟ್, ಉರಿಯೂತವನ್ನು ಸೂಚಿಸುವ ಇಎಸ್‌ಆರ್, ಕ್ಯಾಲ್ಸಿಯಂ ಏರುತ್ತವೆ. ಆದ್ದರಿಂದ ರಕ್ತಹೀನತೆಗೆ, ದೇಹದಲ್ಲಿನ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸದೆ ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ, ಕಾರಣ ತಿಳಿಯದ ಏರುಪೇರು ಮುಂದುವರಿದರೆ, "ಹೊಟ್ಟೆಯ ಸ್ಕ್ಯಾನ್ ಬೇಡವೇ?" ಎಂದು ನೇರವಾಗಿ ಕೇಳಿ.

ಶಸ್ತ್ರಚಿಕಿತ್ಸೆಯ ನಂತರ ಅಣ್ಣನ ಹಿಮೋಗ್ಲೋಬಿನ್ ರಕ್ತ ತೆಗೆಸದೆಯೇ ಸಹಜ ಮಟ್ಟಕ್ಕೆ ಬಂತು. ಅದು ಮತ್ತೆ ಏರಿದರೆ ಗೆಡ್ಡೆ ಮರುಕಳಿಸಿರುವ ಸಾಧ್ಯತೆಯಿರುವುದರಿಂದ, ನಿಗದಿತ ಸ್ಕ್ಯಾನ್‌ಗಳ ಜೊತೆಗೆ ರಕ್ತಪರೀಕ್ಷೆಯನ್ನೂ ತಪ್ಪದೆ ಮಾಡಿಸುತ್ತಿದ್ದೇವೆ, ಹಳೆಯ ವರದಿಗಳನ್ನು ಪ್ರತಿ ಭೇಟಿಗೂ ಒಯ್ಯುತ್ತಿದ್ದೇವೆ.