ಪಕ್ಷಾಂತರದ ತೀರ್ಮಾನ: ಸ್ಪೀಕರ್‌ಗೋ, ಕೋರ್ಟಿಗೋ, ನ್ಯಾಯಮಂಡಳಿಗೋ?

ಪಕ್ಷಾಂತರ ಮಾಡಿದ ಶಾಸಕರ ಅನರ್ಹತೆಯನ್ನು ಯಾರು ತೀರ್ಮಾನಿಸಬೇಕು ಎಂಬ ಚರ್ಚಾಸ್ಪರ್ಧೆಯಲ್ಲಿ ಯಾವ ಪರ ನಿಲ್ಲಲಿ ಎಂದು ಕೇಳಿದ್ದೀರಿ. ನಿಮ್ಮ ವಾದದ ಒತ್ತು ಎಲ್ಲಿದೆ ಎಂಬುದರ ಮೇಲೆ ಅದು ನಿಂತಿದೆ.

ವೇಗವೇ ಮುಖ್ಯವಾದರೆ ಸ್ಪೀಕರ್. ಆದರೆ ಮನಸ್ಸಿದ್ದರೆ ಮಾತ್ರ. 2010ರ ಅಕ್ಟೋಬರ್‌ನಲ್ಲಿ ನಮ್ಮ ಕರ್ನಾಟಕ ವಿಧಾನಸಭೆಯ 16 ಶಾಸಕರು ವಿಶ್ವಾಸಮತದ ಹಿಂದಿನ ದಿನವೇ ಅನರ್ಹರಾದರು. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಅಷ್ಟರಲ್ಲಿ ಸರ್ಕಾರ ಉಳಿದುಕೊಂಡಿತ್ತು. ಮನಸ್ಸಿಲ್ಲದಿದ್ದರೆ ಮಣಿಪುರ ನೋಡಿ: 2017ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರೊಬ್ಬರು ಬಿಜೆಪಿ ಸರ್ಕಾರದಲ್ಲಿ ಮಂತ್ರಿಯಾದರು, ಅವರ ಮೇಲಿನ ದೂರು 2020ರವರೆಗೂ ಕೊಳೆಯಿತು.

ನಿಷ್ಪಕ್ಷಪಾತ ಬೇಕಾದರೆ ಕೋರ್ಟ್. ಇಲ್ಲೊಂದು ತೊಡಕಿದೆ. ಕಿಹೋತೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಸ್ಪೀಕರ್ ತೀರ್ಮಾನಿಸಿದ ಮೇಲಷ್ಟೇ ಸಾಮಾನ್ಯವಾಗಿ ಕೋರ್ಟಿನ ಪರಿಶೀಲನೆ. ಪರಿಶೀಲನೆಯಿಂದ ಪ್ರಯೋಜನವಿಲ್ಲವೆಂದಲ್ಲ: 2019ರ ನವೆಂಬರ್‌ನಲ್ಲಿ ಕರ್ನಾಟಕದ 17 ಶಾಸಕರ ಅನರ್ಹತೆಯನ್ನು ಎತ್ತಿಹಿಡಿದ ಕೋರ್ಟ್, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದೆಂಬ ನಿರ್ಬಂಧವನ್ನು ಕಿತ್ತುಹಾಕಿತು. ಅವರಲ್ಲಿ ಹಲವರು ಡಿಸೆಂಬರ್ ಉಪಚುನಾವಣೆಯಲ್ಲಿ ಗೆದ್ದು ಬಂದರು. ಓಟು ಹಾಕಿ ಬಂದ ನಮ್ಮಂಥವರಿಗೆ ಅದು ಇನ್ನೂ ನೋಯುತ್ತದೆ.

ಮೂರನೆಯದು, ನಿವೃತ್ತ ನ್ಯಾಯಮೂರ್ತಿಯ ನೇತೃತ್ವದ ಸ್ವತಂತ್ರ ನ್ಯಾಯಮಂಡಳಿ. 2020ರ ಮಣಿಪುರ ತೀರ್ಪಿನಲ್ಲಿ ಕೋರ್ಟೇ ಇದನ್ನು ಸೂಚಿಸಿತು. ಸ್ಪೀಕರ್‌ಗೆ ಸಾಮಾನ್ಯವಾಗಿ ಮೂರು ತಿಂಗಳ ಗಡುವೆಂದೂ ಹೇಳಿತು. ಮಂಡಳಿಗೆ ಸಂವಿಧಾನ ತಿದ್ದುಪಡಿ ಬೇಕು.

ಸದನದ ಸ್ವಾಯತ್ತತೆ ನಿಮ್ಮ ವಾದವಾದರೆ ಸ್ಪೀಕರ್ ಜೊತೆಗೆ ಗಡುವನ್ನು ಹಿಡಿಯಿರಿ. ತಿದ್ದುಪಡಿಗೆ ಕಾಯದೆ ಇವತ್ತೇ ಸಿಗುವ ಪರಿಹಾರ ಬೇಕಾದರೆ ಹೈಕೋರ್ಟ್. ಸುಧಾರಣೆಯ ಪರ ನಿಂತರೆ ಮಂಡಳಿ.